ಕಟ್ಟಡಚಿತ್ರಗಳಲ್ಲಿ ಕಿಟಕಿಯ ಪ್ರತಿಬಿಂಬ: ಬೆಂಗಳೂರಿನ ದಕ್ಷಿಣ ಭಾಗವನ್ನು ಕುರಿತ ಒಂದು ವಿಚಾರ

ಕಟ್ಟಡಗಳ ಚಿತ್ರಗಳನ್ನು ಚರಿತ್ರೆಯ ಆಕರಗಳನ್ನಾಗಿ ಬಳಸುವ ರೂಢಿ ನಮ್ಮಲ್ಲಿ ಹೊಸತೇನೂ ಅಲ್ಲ. ಶಾಸನಗಳೂ ಸರ್ಕಾರದ ಕಡತಗಳೂ ಪ್ರವಾಸಿಗಳ ಬರಹಗಳೂ ಮೌನವಾಗಿರುವೆಡೆಯಲ್ಲಿ ಒಂದು ಹಳೆಯ ಚಿತ್ರವು ಅನೇಕ ವೇಳೆ ಮಾತನಾಡುತ್ತದೆ. ಕೋಟೆಯ ಬಾಗಿಲು ಎತ್ತ ಮುಖ ಮಾಡಿತ್ತು, ಅರಮನೆಗೆ ಎಷ್ಟು ಅಂಕಣಗಳಿದ್ದುವು, ಮಾಡು ಹೆಂಚಿನದೋ ತಾರಸಿಯದೋ ಎಂಬಂಥ ಪ್ರಶ್ನೆಗಳಿಗೆ ಅದರಿಂದ ಉತ್ತರ ಪಡೆಯುತ್ತೇವೆ. ಆದರೆ ಕಂಬಗಳನ್ನೂ ಕಮಾನುಗಳನ್ನೂ ಎಣಿಸುವ ನಾವು, ಕಿಟಕಿಯ ಚೌಕದೊಳಗೆ ಚಿತ್ರಕಾರನು ಏನನ್ನು ತುಂಬಿದ್ದಾನೆಂಬುದನ್ನು ನೋಡುವುದು ಅಪೂರ್ವ. ಅದು ಬರಿಯ ಅಲಂಕಾರವೆಂದು ಬಿಟ್ಟುಬಿಡುತ್ತೇವೆ. ಈ ಅನಾದರಕ್ಕೆ ಕಾರಣವಿಲ್ಲವೆಂದೂ, ಚಿತ್ರದ ಇತರ ಯಾವ ಭಾಗಕ್ಕಿಂತಲೂ ಕಿಟಕಿಯೇ ಅದರ ಪ್ರಾಮಾಣ್ಯವನ್ನು ಅಳೆಯಲು ಒಳ್ಳೆಯ ಒರೆಗಲ್ಲೆಂದೂ ನಮಗೆ ತೋರುತ್ತದೆ. ಗಾಜಿನ ಮೇಲೆ ಬಿದ್ದ ಬಿಂಬವು ಕಟ್ಟಡದ ಅಂಗವಲ್ಲ. ಅದು ಕಟ್ಟಡದ ಎದುರಿಗೆ ಏನಿತ್ತೆಂಬುದರ ಸಾಕ್ಷ್ಯ. ಆ ಸಾಕ್ಷ್ಯವನ್ನು ಚಿತ್ರಕಾರನು ಕಂಡು ಬರೆದನೋ ಊಹಿಸಿ ಬರೆದನೋ ಎಂಬುದು ತಿಳಿದರೆ ಉಳಿದ ಚಿತ್ರವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೂ ಬಹುಮಟ್ಟಿಗೆ ತಿಳಿಯುತ್ತದೆ.

ಈ ವಿಚಾರಕ್ಕೆ ನಾವು ಉತ್ತರಹಳ್ಳಿಯನ್ನು ನೆಲೆಯಾಗಿ ಆರಿಸಿಕೊಂಡುದಕ್ಕೆ ಕಾರಣವುಂಟು. ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿಯ ಕೇಂದ್ರವಾಗಿದ್ದ ಈ ಹಳ್ಳಿಯು ನೋಡನೋಡುತ್ತಿದ್ದಂತೆ ನಗರದೊಳಗೆ ಸೇರಿಹೋಯಿತು. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮುಂಚೆ ಇದೇ ಹೆಸರಿನ ವಿಧಾನಸಭಾ ಕ್ಷೇತ್ರವು ರಾಜ್ಯದಲ್ಲಿ ಅತಿ ಹೆಚ್ಚು ಮತದಾರರಿದ್ದ ಕ್ಷೇತ್ರವೆಂದು ಹೆಸರಾಗಿತ್ತೆಂಬುದನ್ನು ನೆನೆದರೆ ಈ ಬೆಳವಣಿಗೆಯ ವೇಗವು ಗೊತ್ತಾಗುತ್ತದೆ. ಚಿಕ್ಕಲ್ಲಸಂದ್ರ, ಅರೇಹಳ್ಳಿ, ಸುಬ್ರಹ್ಮಣ್ಯಪುರ, ವಸಂತಪುರಗಳ ಹೊಲಗದ್ದೆಗಳಿದ್ದೆಡೆಯಲ್ಲಿ ಬಹುಮಹಡಿಯ ವಸತಿಗಳು ಎದ್ದಿವೆ, ಇನ್ನೂ ಏಳುತ್ತಿವೆ. ಇಂಥ ಪ್ರತಿಯೊಂದು ಕಟ್ಟಡವೂ ನೆಲದ ಮೇಲೆ ನಿಲ್ಲುವುದಕ್ಕೆ ಮುನ್ನ ಒಂದು ಹಲಗೆಯ ಮೇಲೆ ಚಿತ್ರವಾಗಿ ನಿಲ್ಲುತ್ತದೆ. ಮೇಸ್ತ್ರಿಗಳೂ ಗುತ್ತಿಗೆದಾರರೂ ಇದನ್ನು ಹಿಂದೆ ‘ಎಲಿವೇಷನ್’ ಎನ್ನುತ್ತಿದ್ದರು; ಈಗ ‘ತ್ರೀಡಿ’ ಎನ್ನುತ್ತಾರೆ. ನಾವು ಈ ಲೇಖನದಲ್ಲಿ ಮುನ್ನೋಟಚಿತ್ರವೆಂದು ಕರೆಯೋಣ. ಜನರು ತಮ್ಮ ಜೀವಮಾನದ ಉಳಿತಾಯವನ್ನು ತೊಡಗಿಸುವುದು ಅನೇಕ ವೇಳೆ ಈ ಚಿತ್ರವೊಂದನ್ನೇ ಕಂಡು. ಆದಕಾರಣ ಅದರಲ್ಲಿ ಯಾವುದು ನಿಜ, ಯಾವುದು ಕಲ್ಪನೆ ಎಂಬ ವಿಚಾರವು ಕೇವಲ ಕಲಾಮೀಮಾಂಸೆಗೆ ಸೇರಿದುದಲ್ಲ.

ಮೊದಲು ಒಂದು ಮಾತು ಶಬ್ದಗಳ ವಿಷಯವಾಗಿ. ಸಂಸ್ಕೃತದ ಗವಾಕ್ಷ ಎಂದರೆ ಗೋವಿನ ಕಣ್ಣು. ಇಂಗ್ಲಿಷಿನ ವಿಂಡೋ ಎಂಬುದರ ಮೂಲವಾದ ಹಳೆಯ ನಾರ್ಸ್ ಪದದ ಅರ್ಥ ಗಾಳಿಯ ಕಣ್ಣು. ನಮ್ಮ ಬೆಳಕಿಂಡಿಯಲ್ಲಿ ಬೆಳಕೂ ಕಿಂಡಿಯೂ ಇವೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಗವಾಕ್ಷಿ ಎಂದರೆ ಗೋಡೆಯ ಕಿಟಕಿಯಲ್ಲ, ಮಾಡಿನಲ್ಲಿ ಬೆಳಕಿಗಾಗಿ ಬಿಟ್ಟ ಕಂಡಿ. ಈ ಹೆಸರುಗಳಲ್ಲೆಲ್ಲ ಕಿಟಕಿಯು ಒಳಕ್ಕೆ ಬರಗೊಡುವ ಅಥವಾ ಹೊರಕ್ಕೆ ನೋಡಗೊಡುವ ವಸ್ತುವೇ ಹೊರತು ಹಿಂದಿರುಗಿಸುವ ವಸ್ತುವಲ್ಲ. ಗಾಜಿಲ್ಲದ ಕಿಟಕಿಗೆ ಪ್ರತಿಬಿಂಬವೆಂಬುದೇ ಇಲ್ಲ. ಬೇಲೂರಿನ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾದ ತರುವಾಯ ಅದರ ನವರಂಗಕ್ಕೆ ಸೇರಿಸಿದ ಜಾಲಂಧ್ರಗಳನ್ನು ನೋಡಿ: ಕಲ್ಲನ್ನು ಕೊರೆದು ಬೆಳಕನ್ನು ಸೋಸುವ ಕೌಶಲವೇ ಅಲ್ಲಿ ಮುಖ್ಯ. ನಮ್ಮ ಶಿಲ್ಪಿಗಳಿಗೆ ಪ್ರತಿಬಿಂಬದ ಮೋಹವಿರಲಿಲ್ಲವೆಂದಲ್ಲ. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಕೊಟ್ಟಿರುವ ಹೊಳಪು ನೋಡುವವನ ಮುಖವನ್ನೇ ತೋರಿಸುವಷ್ಟು ನಯವಾದುದು. ಆದರೆ ಅದು ಕಂಬದ ಗುಣವಾಯಿತೇ ವಿನಾ ಕಿಟಕಿಯ ಗುಣವಾಗಲಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಚಿತ್ರಗಳಲ್ಲಿಯೂ ಕಮಾನಿನ ಚೌಕಟ್ಟು ಇರುವುದು ಅದರೊಳಗೆ ಒಬ್ಬ ಅರಸನನ್ನೋ ಸರದಾರನನ್ನೋ ಕೂಡಿಸುವುದಕ್ಕಾಗಿ. ಒಟ್ಟಿನಲ್ಲಿ ನಮ್ಮ ಹಳೆಯ ಚಿತ್ರಗಳಲ್ಲಿ ಕಿಟಕಿಯು ಮುಖ ಕಾಣುವ ಸ್ಥಳ, ಕನ್ನಡಿಯಲ್ಲ.

ಬೆಂಗಳೂರಿನ ಕಟ್ಟಡಗಳನ್ನು ಪಾಶ್ಚಾತ್ಯ ಪದ್ಧತಿಯಲ್ಲಿ ಚಿತ್ರಿಸುವ ಕೆಲಸವು ಮೂರನೆಯ ಮೈಸೂರು ಯುದ್ಧದೊಡನೆ ಮೊದಲಾಯಿತು. ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನ ಮೈಸೂರಿನ ದೃಶ್ಯಗಳು 1794ರಲ್ಲಿ ಪುಸ್ತಕವಾಗಿ ಹೊರಬಂದುವು. ಅದೇ ದಂಡಿನಲ್ಲಿದ್ದ ಸೈನಿಕ ಜೇಮ್ಸ್ ಹಂಟರನ ಚಿತ್ರಗಳು ಅವನು 1792ರಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1805ರಲ್ಲಿ, ಲಂಡನ್ನಿನಲ್ಲಿ ಅಚ್ಚಾದುವು. ಹೈದರನು 1781ರಲ್ಲಿ ಆರಂಭಿಸಿ ಟಿಪ್ಪುವು 1791ರಲ್ಲಿ ಮುಗಿಸಿದ ಬೆಂಗಳೂರಿನ ಅರಮನೆಯು ಈ ಚಿತ್ರಗಳ ಮೂಲಕ ಯೂರೋಪಿಗೆ ಪರಿಚಿತವಾಯಿತು. ಆ ಅರಮನೆಯು ಮರದ ಕಂಬಗಳೂ ಕಮಾನುಗಳೂ ಉಪ್ಪರಿಗೆಯ ಮೊಗಸಾಲೆಗಳೂ ಉಳ್ಳದ್ದು. ಅದರ ಅಂದವೆಲ್ಲವೂ ಬಿಸಿಲಿನ ಕಂಬಕ್ಕೂ ಹಿಂದಣ ಕತ್ತಲೆಗೂ ಇರುವ ವಿರೋಧದಲ್ಲಿದೆ. ಇಲ್ಲಿ ಗಾಜಿನ ಸಮಸ್ಯೆಯೇ ಚಿತ್ರಕಾರನಿಗೆ ಎದುರಾಗಲಿಲ್ಲ. ಆದರೆ ಇನ್ನೊಂದು ಸಮಸ್ಯೆಯನ್ನು ಈ ಚಿತ್ರಗಳು ನಮಗೆ ಬಿಟ್ಟುಹೋಗಿವೆ. ಸ್ಥಳದಲ್ಲಿ ಬರೆದವನೊಬ್ಬ, ಲಂಡನ್ನಿನಲ್ಲಿ ತಗಡಿನ ಮೇಲೆ ಕೊರೆದವನು ಇನ್ನೊಬ್ಬ. ಅರಮನೆಯ ಮೇಲಣ ಮುಗಿಲು ಬೆಂಗಳೂರಿನದೋ, ಕೊರೆದವನು ತನ್ನ ಕಿಟಕಿಯಿಂದ ಕಂಡದ್ದೋ? ತೀರಿಕೊಂಡಿದ್ದ ಹಂಟರನು ಅದನ್ನು ತಿದ್ದಲಾರದೆ ಹೋದನೆಂಬುದಂತೂ ಸ್ಪಷ್ಟ. ಎರವಲು ಮುಗಿಲಿನ ಈ ಪ್ರಶ್ನೆಯು ಉತ್ತರಹಳ್ಳಿಯ ಹಲಗೆಗಳಲ್ಲಿ ಮತ್ತೆ ನಮಗೆ ಎದುರಾಗುವುದಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಎಂಜಿನಿಯರುಗಳ ಕಚೇರಿಗಳೊಡನೆ ನಕಾಸೆ ಬರೆಯುವ ವಿದ್ಯೆ ಬಂತು. ಫ್ರಾನ್ಸಿನ ಕಲಾಶಾಲೆಗಳಲ್ಲಿ ರೂಪುಗೊಂಡು ಎಲ್ಲೆಡೆಗೂ ಹರಡಿದ ಈ ವಿದ್ಯೆಯಲ್ಲಿ ನೆರಳು ಬರೆಯುವುದಕ್ಕೆ ಒಂದು ಕಟ್ಟಳೆಯಿತ್ತು. ಬೆಳಕು ಯಾವಾಗಲೂ ಎಡಗಡೆಯಿಂದ, ಮೇಲಿನಿಂದ, ನಕಾಸೆಯಲ್ಲಿಯೂ ಮುಂಬದಿಯ ಚಿತ್ರದಲ್ಲಿಯೂ 45 ಅಂಶಗಳ ಓರೆಯಲ್ಲಿ ಬೀಳುತ್ತದೆಂದು ಭಾವಿಸಬೇಕು. ಹೀಗೆ ಮಾಡಿದರೆ ಸಜ್ಜೆಯು ಎಷ್ಟು ಮುಂದಕ್ಕೆ ಚಾಚಿದೆಯೋ ಅದರ ನೆರಳು ಅಷ್ಟೇ ಕೆಳಕ್ಕೆ ಇಳಿಯುತ್ತದೆ. ಅಳತೆಗೆ ಬಹಳ ಅನುಕೂಲ. ಕಿಟಕಿಯ ಚೌಕಕ್ಕೆ ಶಾಯಿಯ ತೆಳುಲೇಪವನ್ನು ಮೇಲ್ಗಡೆ ದಟ್ಟವಾಗಿ ಹಚ್ಚಿ ಕೆಳಕ್ಕೆ ಬರಬರುತ್ತ ತಿಳಿಗೊಳಿಸುತ್ತಿದ್ದರು. ಕಿಟಕಿಯು ಗೋಡೆಯಲ್ಲಿನ ಆಳವೆಂಬ ಭಾವನೆ ಮೂಡಲು ಅಷ್ಟು ಸಾಕಾಗುತ್ತಿತ್ತು.

ಈ ಕಟ್ಟಳೆಯ ಬೆಳಕನ್ನು ಕೊಂಚ ಲೆಕ್ಕಹಾಕಿ ನೋಡಿದರೆ ಒಂದು ಸ್ವಾರಸ್ಯವು ಹೊರಬೀಳುತ್ತದೆ. ಎರಡು ದಿಕ್ಕಿನಲ್ಲಿಯೂ 45 ಅಂಶವಾಗಿ ಕಾಣುವ ಕಿರಣದ ನಿಜವಾದ ಎತ್ತರ ಸುಮಾರು 35 ಅಂಶ. ಪ್ಯಾರಿಸ್ಸಿನಲ್ಲಿ ನಡುಹಗಲಿನ ಸೂರ್ಯನು ಮಾರ್ಚ್ ಆರಂಭದಲ್ಲಿಯೂ ಅಕ್ಟೋಬರಿನ ಮೊದಲ ಭಾಗದಲ್ಲಿಯೂ ಹೆಚ್ಚುಕಡಿಮೆ ಈ ಎತ್ತರದಲ್ಲಿರುತ್ತಾನೆ. ಸುಮಾರು 13 ಅಂಶ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿಯಾದರೋ ವರ್ಷದ ಅತ್ಯಂತ ಕೆಳಗಿನ ನಡುಹಗಲಿನ ಸೂರ್ಯನು, ಎಂದರೆ ಡಿಸೆಂಬರ್ ಉತ್ತರಾರ್ಧದ ಸೂರ್ಯನೂ, 53 ಅಂಶಕ್ಕಿಂತ ಕೆಳಗಿಳಿಯನು. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವೆ ಒಮ್ಮೆ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ. ಈ ಎರಡು ದಿನಗಳ ನಡುವಣ ಅವಧಿಯಲ್ಲಿ ನಡುಹಗಲಿನ ಬಿಸಿಲು ಉತ್ತರದ ಗೋಡೆಗೆ ಬೀಳುತ್ತದೆ, ದಕ್ಷಿಣದ ಗೋಡೆಗಲ್ಲ. ನಮ್ಮ ಊರಿನ ಕಟ್ಟಡಗಳನ್ನು ತಲೆಮಾರುಗಳ ಕಾಲ ಪ್ಯಾರಿಸ್ಸಿನ ಸೂರ್ಯನ ಕೆಳಗೆ ನಿಲ್ಲಿಸಿ ಬರೆದರೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಆದರೆ ಅದರಿಂದ ಯಾರಿಗೂ ಮೋಸವಾಗಲಿಲ್ಲ. ಅದು ಕಟ್ಟಳೆಯೆಂಬುದು ಬರೆದವನಿಗೂ ನೋಡಿದವನಿಗೂ ಗೊತ್ತಿತ್ತು. ಕಟ್ಟಳೆಯನ್ನು ಕಟ್ಟಳೆಯೆಂದು ಒಪ್ಪಿಕೊಂಡ ಚಿತ್ರಕ್ಕೂ, ನೋಡಿದ್ದನ್ನು ನೋಡಿದಂತೆಯೇ ತೋರಿಸುತ್ತೇನೆಂದು ಹೇಳಿಕೊಳ್ಳುವ ಚಿತ್ರಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಇಷ್ಟರಲ್ಲಿ ಗಾಜು ಬಂದಿತ್ತು. ಲಂಡನ್ನಿನಲ್ಲಿ 1851ರ ಪ್ರದರ್ಶನಕ್ಕಾಗಿ ಕಟ್ಟಿದ ಸ್ಫಟಿಕ ಸೌಧದ ಮಾದರಿಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಡಿಗಲ್ಲಿಟ್ಟನು. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಮನೆಗಳಲ್ಲಿ ಸರಳು ಹಾಕಿದ ಕಿಟಕಿಗಳಿಗೆ ಗಾಜು ಕೂಡಿಸಿದ ಬಾಗಿಲುಗಳು ಬಂದುವು. 1948ರಲ್ಲಿ ಅಡಿಗಲ್ಲು ಕಂಡ ಜಯನಗರದಲ್ಲಿ ಕಬ್ಬಿಣದ ಚೌಕಟ್ಟೂ ಮಸುಕು ಗಾಜೂ ಸಾಮಾನ್ಯವಾದುವು. ಹಳ್ಳಿಗಳಲ್ಲಿ ಮಂಗಳೂರು ಹೆಂಚಿನ ನಡುವೆ ಒಂದೆರಡು ಗಾಜಿನ ಹೆಂಚುಗಳನ್ನು ಹೊದಿಸುವುದೇ ಗಾಜಿನ ಪ್ರವೇಶ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಹಲಗೆಗಾಜನ್ನು ಊದಿ, ಸೀಳಿ, ಹರಡಿ ಮಾಡುತ್ತಿದ್ದುದರಿಂದ ಅದರ ಮೈ ಅಲೆಯಲೆಯಾಗಿರುತ್ತಿತ್ತು. ಅಂಥ ಗಾಜಿನಲ್ಲಿ ಎದುರಿನ ತೆಂಗಿನ ಮರವು ಹಾವಿನಂತೆ ಬಳುಕುತ್ತದೆ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮತಟ್ಟಾಗಿಸುವ ಫ್ಲೋಟ್ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ನರು ಪ್ರಕಟಿಸಿದ್ದು 1959ರಲ್ಲಿ. ಈ ಗಾಜೇ ಇಂದಿನ ಎಲ್ಲ ಎತ್ತರದ ಕಟ್ಟಡಗಳ ಮೈಹೊದಿಕೆ.

ಗಾಜಿನ ಪ್ರತಿಬಿಂಬದ ಶಾಸ್ತ್ರವು ಹುಟ್ಟಿದುದೂ ಒಂದು ಕಟ್ಟಡದ ಕಿಟಕಿಗಳಿಂದಲೇ ಎಂಬುದು ನಮ್ಮ ವಿಷಯಕ್ಕೆ ಬಹಳ ಹೊಂದುವ ಸಂಗತಿ. 1808ರಲ್ಲಿ ಪ್ಯಾರಿಸ್ಸಿನ ಮಾಲುಸ್ ಎಂಬ ಎಂಜಿನಿಯರನು ತನ್ನ ಮನೆಯಿಂದ ಲಕ್ಸಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಸಂಜೆಯ ಸೂರ್ಯನನ್ನು ಐಸ್‌ಲೆಂಡ್ ಸ್ಪಾರ್ ಎಂಬ ಸ್ಫಟಿಕದ ಮೂಲಕ ನೋಡಿದನು. ಎರಡಾಗಿ ಕಾಣುವ ಬಿಂಬಗಳು ಸ್ಫಟಿಕವನ್ನು ತಿರುಗಿಸಿದಂತೆ ಒಂದು ಬೆಳಗಿ ಇನ್ನೊಂದು ಕಂದುತ್ತಿದ್ದುವು. ಪ್ರತಿಫಲಿಸಿದ ಬೆಳಕು ಧ್ರುವೀಕರಣ ಹೊಂದಿರುತ್ತದೆಂಬ ಶೋಧವಾದುದು ಹೀಗೆ. 1815ರಲ್ಲಿ ಬ್ರೂಸ್ಟರನು ಇದು ಅತ್ಯಧಿಕವಾಗುವ ಕೋನವನ್ನು ಗೊತ್ತುಮಾಡಿದನು. ಗಾಜಿಗೆ ಅದು ಸುಮಾರು 56 ಅಂಶ. 1823ರಲ್ಲಿ ಫ್ರೆನೆಲ್ಲನು ಯಾವ ಓರೆಯಲ್ಲಿ ಎಷ್ಟು ಬೆಳಕು ಹಿಂದಿರುಗುತ್ತದೆಂಬುದಕ್ಕೆ ಸೂತ್ರಗಳನ್ನು ಕೊಟ್ಟನು. ಅವುಗಳ ಪ್ರಕಾರ ಸಾಮಾನ್ಯ ಗಾಜಿನ ಒಂದು ಮೈಯಿಂದ, ನೇರವಾಗಿ ನೋಡಿದಾಗ, ನೂರಕ್ಕೆ 4 ಭಾಗ ಬೆಳಕು ಮಾತ್ರ ಹಿಂದಿರುಗುತ್ತದೆ. 60 ಅಂಶದ ಓರೆಯಲ್ಲಿ ಸುಮಾರು 9, 75 ಅಂಶದಲ್ಲಿ ಸುಮಾರು 25. ಗೋಡೆಗೆ ಕಣ್ಣೊರಗಿಸಿ ನೋಡಿದರೆ ಬಹುಪಾಲು ಎಲ್ಲವೂ. ಗಾಜಿಗೆ ಎರಡು ಮೈಗಳಿರುವುದರಿಂದ ನೇರನೋಟದಲ್ಲಿ ಒಟ್ಟು ಸುಮಾರು 8 ಭಾಗವಾಗುತ್ತದೆ.

ನೂರಕ್ಕೆ 8 ಎಂದರೆ ಅಲ್ಪವೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಲೆಕ್ಕವಿದೆ. ಮೋಡ ಕವಿದ ಹಗಲಿನಲ್ಲಿ ಬಯಲಿನ ಬೆಳಕು 10,000 ಲಕ್ಸ್ ಇದ್ದು, ಕೋಣೆಯೊಳಗೆ 200 ಲಕ್ಸ್ ಇದೆಯೆಂದಿಟ್ಟುಕೊಳ್ಳೋಣ. ಆಗ ಬಾನಿನ ನೂರರಲ್ಲಿ 8 ಭಾಗವೂ ಕೋಣೆಯ ಗೋಡೆಯಿಂದ ಹೊರಬರುವ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಗಲಿನಲ್ಲಿ ಕಿಟಕಿಯೊಳಗಿನ ಮನುಷ್ಯರು ಕಾಣದೆ ಬಾನು ಕಾಣುವುದೂ, ದೀಪ ಹೊತ್ತಿದೊಡನೆ ಬಾನು ಅಳಿದು ಮನೆಯೊಳಗು ಕಾಣುವುದೂ ಇದರಿಂದಲೇ. ಎದುರಿಗಿರುವುದು ಬಾನಾಗದೆ ಮಾವಿನ ಮರದ ಕಪ್ಪು ನೆರಳಾದರೆ ಅಷ್ಟು ಚೌಕದಲ್ಲಿ ಮಾತ್ರ ಕೋಣೆಯು ಇಣುಕುತ್ತದೆ. ಹೀಗೆ ಒಂದೇ ಗಾಜು ಒಂದು ಕಡೆ ಕನ್ನಡಿ, ಇನ್ನೊಂದು ಕಡೆ ಕಿಂಡಿ. ಮುನ್ನೋಟಚಿತ್ರದಲ್ಲಿ ಕಿಟಕಿಯು ಜೀವಂತವಾಗಿ ಕಾಣಬೇಕಾದರೆ ಚಿತ್ರಕಾರನು ಸಾಧಿಸಬೇಕಾದುದು ಈ ಬೆರಕೆಯನ್ನೇ. ಬರಿಯ ನೀಲಿಯನ್ನು ಬಳಿದರೆ ಅದು ತಗಡಾಗುತ್ತದೆ, ಬರಿಯ ಕಪ್ಪನ್ನು ಬಳಿದರೆ ಪಾಳುಮನೆಯಾಗುತ್ತದೆ.

ಈ ನಿಯಮಗಳನ್ನು ಉತ್ತರಹಳ್ಳಿಯ ಸುತ್ತಣ ಬಡಾವಣೆಗಳಲ್ಲಿ ಎಲ್ಲೆಲ್ಲಿಯೂ ಕಾಣುವಂಥ ಒಂದು ಮೂವತ್ತಡಿ ರಸ್ತೆಗೆ ಅನ್ವಯಿಸಿ ನೋಡೋಣ. ನಾವು ಕಟ್ಟಡದಿಂದ 30 ಅಡಿ ದೂರದಲ್ಲಿ, ರಸ್ತೆಯಾಚೆ ನಿಂತಿದ್ದೇವೆ. ಕಣ್ಣಿನ ಎತ್ತರ 5 ಅಡಿ. ನಮ್ಮ ಬೆನ್ನ ಹಿಂದೆ 5 ಅಡಿ ಬಿಟ್ಟು 40 ಅಡಿ ಎತ್ತರದ ಇನ್ನೊಂದು ಮನೆಯಿದೆ. ಕಟ್ಟಡದ ಗಾಜಿನಲ್ಲಿ ಈ ಹಿಂದಿನ ಮನೆಯ ತುದಿ ಎಲ್ಲಿ ಕಾಣಬೇಕು? ಸಮಾನ ತ್ರಿಭುಜಗಳ ಲೆಕ್ಕದಿಂದ ನೆಲದಿಂದ ಸುಮಾರು 21 ಅಡಿಯ ಎತ್ತರದಲ್ಲಿ. ಎಂದರೆ ನೆಲಮಹಡಿಯ ಮತ್ತು ಮೊದಲ ಮಹಡಿಯ ಕಿಟಕಿಗಳಲ್ಲಿ ಎದುರುಮನೆಯ ಗೋಡೆ, ಸಜ್ಜೆ, ಒಣಹಾಕಿದ ಬಟ್ಟೆ. ಅದಕ್ಕಿಂತ ಮೇಲಿನ ಮಹಡಿಗಳಲ್ಲಿ ಮಾತ್ರ ಬಾನು. ಮೇಲೆ ಹೋದಷ್ಟೂ ನೋಟದ ಓರೆ ಹೆಚ್ಚುವುದರಿಂದ ಬಿಂಬವು ಕೊಂಚ ಕೊಂಚವಾಗಿ ಬಲಗೊಳ್ಳುತ್ತದೆ. ಅಲ್ಲಿ ಕಾಣುವುದೂ ದಿಗಂತದ ಬಿಳಿಚಿದ ಬಾನಲ್ಲ, ನೆತ್ತಿಯ ಕಡೆಯ ದಟ್ಟ ನೀಲಿ. ರಸ್ತೆಯುದ್ದಕ್ಕೂ ಓರೆಯಾಗಿ ನೋಡಿದರೆ ದೂರದ ಕಿಟಕಿಗಳು ಹತ್ತಿರದವುಗಳಿಗಿಂತ ಹೆಚ್ಚು ಹೊಳೆಯಬೇಕು. ಇದನ್ನು ಯಾರು ಬೇಕಾದರೂ ಬೀದಿಯಲ್ಲಿ ನಿಂತು ಪರೀಕ್ಷಿಸಬಹುದು.

ಎರಡನೆಯ ಪರೀಕ್ಷೆ ಇನ್ನೂ ಕಠಿನವಾದುದು. ದೊಡ್ಡ ವಸತಿಗಳ ಮುನ್ನೋಟಚಿತ್ರಗಳು ಹಕ್ಕಿಯ ಕಣ್ಣಿನಿಂದ ಕಂಡಂತೆ ಬರೆದವಾಗಿರುತ್ತವೆ. ಮೇಲಿನಿಂದ ಕೆಳಕ್ಕೆ ನೋಡುವ ಕಣ್ಣಿನ ದೃಷ್ಟಿರೇಖೆಯು ನೆಟ್ಟಗಿರುವ ಗಾಜಿಗೆ ತಾಗಿ ಕೆಳಮುಖವಾಗಿಯೇ ಮುಂದುವರಿಯುತ್ತದೆ. ಅದು ಮುಟ್ಟುವುದು ನೆಲವನ್ನು. ಆದುದರಿಂದ ಇಂಥ ಚಿತ್ರಗಳ ಕಿಟಕಿಗಳಲ್ಲಿ ನೆರೆಯ ತಾರಸಿಗಳೂ ನೀರಿನ ತೊಟ್ಟಿಗಳೂ ರಸ್ತೆಯೂ ಕಾಣಬೇಕೇ ಹೊರತು ಒಂದು ತುಣುಕು ಬಾನೂ ಕಾಣಕೂಡದು. ಉತ್ತರಹಳ್ಳಿಯಿಂದ ಕೆಂಗೇರಿಯ ಕಡೆಗೆ ಹೋಗುವ ರಸ್ತೆಯಲ್ಲಿಯೂ ಕನಕಪುರ ರಸ್ತೆಯಲ್ಲಿಯೂ ನಾವು ನೋಡಿದ ಇಂಥ ಹಲಗೆಗಳಲ್ಲಿ ಬಿಳಿಮೋಡಗಳು ಪ್ರತಿಯೊಂದು ಕಿಟಕಿಯಲ್ಲಿಯೂ ತೇಲುತ್ತಿದ್ದುವು. ಮೂರನೆಯದು ಸಂಜೆಯ ಚಿತ್ರಗಳಿಗೆ ಸಂಬಂಧಿಸಿದ್ದು. ಪೂರ್ವಕ್ಕೆ ಮುಖಮಾಡಿದ ಕಟ್ಟಡದ ಹಿಂದೆ ಪಡುವಣದ ಕೆಂಪು ಹಬ್ಬಿದ್ದರೆ ಅದರ ಗಾಜಿನಲ್ಲಿ ಇರಬೇಕಾದುದು ನೋಡುವವನ ಬೆನ್ನ ಹಿಂದಿನ ಮೂಡಣ ಬಾನು, ಎಂದರೆ ಮಸುಕು ನೀಲಿ. ಚಿತ್ರಗಳಲ್ಲಿ ಕಟ್ಟಡದ ಹಿಂದೆಯೂ ಕೆಂಪು, ಕಿಟಕಿಯಲ್ಲಿಯೂ ಕೆಂಪು. ಒಳಗಿನ ದೀಪದ ಹೊಂಬಣ್ಣ ಬೇರೆ, ಬಾನಿನ ಕೆಂಪು ಬೇರೆ. ಎರಡನ್ನೂ ಕಲಸಿಬಿಡುವುದು ಅಂದಕ್ಕಾಗಿ.

ಗಾಜಿನ ಕಟ್ಟಡಕ್ಕೆ ಪ್ರತಿಬಿಂಬವೇ ಪ್ರಧಾನವೆಂದು ವಾಸ್ತುಶಿಲ್ಪಿಗಳು ಕಂಡುಕೊಂಡುದು ತಡವಾಗಿ. 1921ರಲ್ಲಿ ಬರ್ಲಿನ್ನಿನ ಫ್ರೀಡ್ರಿಕ್‌ಸ್ಟ್ರಾಸೆ ನಿಲ್ದಾಣದ ಬಳಿಯ ನಿವೇಶನಕ್ಕಾಗಿ ಮೀಸ್ ವಾನ್ ಡೆರ್ ರೋ ಎಂಬುವನು ಸಂಪೂರ್ಣ ಗಾಜಿನ ಗೋಪುರವೊಂದನ್ನು ಇದ್ದಿಲಿನಲ್ಲಿ ಬರೆದನು. ಮಾದರಿಗಳನ್ನು ಗಾಜಿನಲ್ಲಿಯೇ ಮಾಡಿ ನೋಡಿದಾಗ ಮುಖ್ಯವಾದುದು ಬೆಳಕುನೆರಳುಗಳಲ್ಲ, ಪ್ರತಿಬಿಂಬಗಳ ಆಟವೆಂದು ತನಗೆ ತಿಳಿಯಿತೆಂದು 1922ರಲ್ಲಿ ಬರೆದುಕೊಂಡಿದ್ದಾನೆ. ನೂರಾರು ವರ್ಷಗಳ 45 ಅಂಶದ ಕಟ್ಟಳೆಯು ಈ ಒಂದು ಮಾತಿನಿಂದ ಬುಡಸಹಿತ ಅಲುಗಿತು. ಆ ಗೋಪುರವು ಕಟ್ಟಡವಾಗಲಿಲ್ಲ, ಚಿತ್ರವಾಗಿಯೇ ಉಳಿಯಿತು.

ಅದೇ ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದ ಆಟೋ ಕೋನಿಗ್ಸ್‌ಬರ್ಗರನು ನಾಜಿಗಳ ದೆಸೆಯಿಂದ ದೇಶಬಿಟ್ಟು 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದನು. 1948ರವರೆಗೆ ಇಲ್ಲಿದ್ದ ಅವನ ಧೋರಣೆ ಮೀಸನದಕ್ಕೆ ತೀರ ವಿರುದ್ಧವಾದುದು. ಬಿಸಿಲಿನ ನಾಡಿನಲ್ಲಿ ಗಾಜನ್ನು ಬೆಳಕಿಗೆ ಒಡ್ಡಬಾರದು; ಸಜ್ಜೆ, ಮೊಗಸಾಲೆ, ಜಾಲರಿಗಳಿಂದ ಮುಚ್ಚಬೇಕು. ಉಷ್ಣವಲಯದ ವಸತಿಯನ್ನು ಕುರಿತು ಅವನು ಇತರರೊಡನೆ ಬರೆದು 1974ರಲ್ಲಿ ಪ್ರಕಟವಾದ ಕೈಪಿಡಿಯು ಈ ತತ್ತ್ವವನ್ನು ಲೆಕ್ಕಗಳೊಡನೆ ವಿವರಿಸುತ್ತದೆ. ಸಜ್ಜೆಯ ನೆರಳಿನಲ್ಲಿರುವ ಕಿಟಕಿಯು ಚಿತ್ರದಲ್ಲಿಯೂ ಕಪ್ಪಾಗಿಯೇ ಇರುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದ ಬೆಂಗಳೂರಿನ ಕಟ್ಟಡಚಿತ್ರಗಳಲ್ಲಿ ಪ್ರತಿಬಿಂಬವು ವಿರಳವಾಗಿರುವುದಕ್ಕೆ ಚಿತ್ರಕಾರರ ಅಸಾಮರ್ಥ್ಯವು ಕಾರಣವೆಂದು ಹೇಳುವುದು ಅನ್ಯಾಯ. ಕಟ್ಟಡಗಳೇ ಅದಕ್ಕೆ ಎಡೆಗೊಡುತ್ತಿರಲಿಲ್ಲ. 1956ರಲ್ಲಿ ಮುಗಿದ ವಿಧಾನಸೌಧವು ಕಲ್ಲಿನ ಕಟ್ಟಡ; ಅದರ ಮುಂಬದಿಯ ವೈಭವವು ಕಂಬಗಳದು, ಗಾಜಿನದಲ್ಲ. 1990ರ ದಶಕದ ತರುವಾಯ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿಗಳ ಗಣಕೋದ್ಯಮದ ಕಟ್ಟಡಗಳೊಡನೆ ಗಾಜು ಗೋಡೆಯಾಯಿತು, ಅನಂತರ ವಸತಿಗಳಿಗೂ ಇಳಿಯಿತು.

ಅದೇ ಕಾಲಕ್ಕೆ ಕುಂಚವೂ ಹೋಗಿ ಗಣಕಯಂತ್ರವು ಬಂತು. 1976ರಲ್ಲಿ ಅಮೆರಿಕದ ಬ್ಲಿನ್ ಮತ್ತು ನ್ಯೂವೆಲ್ ಎಂಬಿಬ್ಬರು ಸುತ್ತಣ ದೃಶ್ಯದ ಚಿತ್ರವೊಂದನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು, ವಸ್ತುವಿನ ಹೊಳೆಯುವ ಮೈಮೇಲೆ ಅದನ್ನು ಪ್ರತಿಬಿಂಬವಾಗಿ ಹೊಂದಿಸುವ ಉಪಾಯವನ್ನು ಪ್ರಕಟಿಸಿದರು. 1980ರಲ್ಲಿ ಟರ್ನರ್ ವ್ಹಿಟೆಡ್ ಎಂಬುವನು ಕಣ್ಣಿನಿಂದ ಹೊರಟ ಪ್ರತಿಯೊಂದು ದೃಷ್ಟಿರೇಖೆಯನ್ನೂ ಹಿಂಬಾಲಿಸಿ, ಅದು ಗಾಜಿಗೆ ತಾಗಿ ಎತ್ತ ತಿರುಗುತ್ತದೆಂದು ಲೆಕ್ಕಹಾಕುವ ಕ್ರಮವನ್ನು ಬೆಳೆಸಿದನು. 1998ರಲ್ಲಿ ಪಾಲ್ ಡೆಬೆವೆಕ್ ಎಂಬುವನು ಒಂದು ಸ್ಥಳದ ಬೆಳಕನ್ನು ಸುತ್ತಲೂ ಛಾಯಾಚಿತ್ರ ತೆಗೆದು ಅದರಿಂದಲೇ ಕಲ್ಪಿತ ವಸ್ತುವನ್ನು ಬೆಳಗಿಸುವ ವಿಧಾನವನ್ನು ತೋರಿಸಿದನು. ಫ್ರೆನೆಲ್ಲನ ಸೂತ್ರವೂ ಈಗ ಯಂತ್ರದೊಳಗೇ ಇದೆ. ಹೀಗಿದ್ದೂ ನಾವು ಮೇಲೆ ಹೇಳಿದ ಅಸಂಗತಿಗಳು ಏಕೆ ಉಳಿದಿವೆ? ಯಂತ್ರವು ಲೆಕ್ಕದಲ್ಲಿ ತಪ್ಪುವುದಿಲ್ಲ. ಆದರೆ ಎದುರುಮನೆಯನ್ನು ಯಾರೂ ಅದಕ್ಕೆ ಹೇಳಿಕೊಟ್ಟಿರುವುದಿಲ್ಲ. ಚಿತ್ರಕಾರನು ಕಟ್ಟಡವನ್ನು ಮಾತ್ರ ಅಳತೆಯಂತೆ ಕಟ್ಟಿ, ಸುತ್ತಣ ಬಯಲನ್ನು ಬೇರೆಲ್ಲಿಂದಲೋ ಕಡ ತರುತ್ತಾನೆ. ಆಮೇಲೆ ಕಿಟಕಿಗಳು ಸಪ್ಪೆಯಾದುವೆಂದು ತೋರಿದರೆ ಕೈಯಿಂದಲೇ ಮೋಡವನ್ನು ಅಂಟಿಸುತ್ತಾನೆ.

ಕಡದ ಈ ಬೆಳಕು ಎಲ್ಲಿಯದು? ಡೆಬೆವೆಕ್ಕನು ಎಲ್ಲರ ಉಪಯೋಗಕ್ಕೆಂದು ಹಂಚಿದ ಮೊದಲ ಸಂಗ್ರಹದಲ್ಲಿ ಫ್ಲಾರೆನ್ಸಿನ ಉಫಿತ್ಸಿಯ ಅಂಗಳ, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಇಗರ್ಜಿ, ಬರ್ಕ್ಲಿಯ ನೀಲಗಿರಿ ತೋಪು ಇದ್ದುವು. ನೀಲಗಿರಿ ತೋಪು ಒಂದು ಮಾತ್ರ ಬೆಂಗಳೂರಿನವರಿಗೆ ಪರಕೀಯವೆನಿಸದು. ಅಲ್ಲಿಗೂ ಇಲ್ಲಿಗೂ ಆ ಮರವು ಆಸ್ಟ್ರೇಲಿಯದಿಂದಲೇ ಬಂದುದಷ್ಟೆ. ತರುವಾಯ ಇಂಥ ಸಂಗ್ರಹಗಳು ಅಸಂಖ್ಯವಾಗಿ ಬೆಳೆದಿವೆ. ಆದರೆ ಉತ್ತರದ ಶೀತದೇಶವೊಂದರಲ್ಲಿ ತೆಗೆದ ಬಾನನ್ನು 13 ಅಂಶದ ಊರಿಗೆ ಹೊದಿಸಿದರೆ ಸೂರ್ಯನು ತಗ್ಗಾಗುತ್ತಾನೆ, ನೆರಳು ಉದ್ದವಾಗುತ್ತದೆ, ಮೇ ತಿಂಗಳ ನಡುಹಗಲಿನಲ್ಲಿಯೂ ಉತ್ತರದ ಗೋಡೆ ತಂಪಾಗಿ ಕಾಣುತ್ತದೆ. ಹಂಟರನ ಅರಮನೆಯ ಮೇಲೆ ಲಂಡನ್ನಿನ ಮುಗಿಲು ಕವಿದಿರಬಹುದೆಂಬ ನಮ್ಮ ಸಂದೇಹವು ಇಲ್ಲಿ ಸಂದೇಹವಾಗಿ ಉಳಿಯುವುದಿಲ್ಲ. ನೆರಳನ್ನು ಅಳೆದು ತೋರಿಸಬಹುದು.

ಪ್ರತಿಬಿಂಬವು ತೀರ ನಯವಾಗಿರುವುದೂ ಒಂದು ಗುರುತೇ. ನಿಜವಾದ ಕಟ್ಟಡದಲ್ಲಿ ಯಾವ ಎರಡು ಗಾಜುಗಳೂ ಒಂದೇ ಸಮತಲದಲ್ಲಿ ಕುಳಿತಿರುವುದಿಲ್ಲ. ಚೌಕಟ್ಟು ಕೂದಲೆಳೆಯಷ್ಟು ವಾಲಿದರೂ ದೂರದ ಬಿಂಬವು ಅಡಿಗಟ್ಟಲೆ ಸರಿಯುತ್ತದೆ; ಎರಡು ಪದರಗಳ ಮುಚ್ಚಿದ ಗಾಜಾದರೆ ಒಳಗಿನ ಗಾಳಿ ಬಿಸಿಯಾದಂತೆ ಉಬ್ಬುತ್ತದೆ, ತಣ್ಣಗಾದಂತೆ ಕುಗ್ಗುತ್ತದೆ. ಆದಕಾರಣ ಎದುರಿನ ಮರವು ಕಿಟಕಿಯಿಂದ ಕಿಟಕಿಗೆ ತುಂಡುತುಂಡಾಗಿ, ಜೋಡಣೆ ತಪ್ಪಿದ ಚಿತ್ರದಂತೆ ಕಾಣುತ್ತದೆ. ಕೆಲವು ಕಿಟಕಿಗಳು ತೆರೆದಿರುತ್ತವೆ, ಕೆಲವಕ್ಕೆ ಪರದೆಯಿರುತ್ತದೆ. ಕೌಶಲವುಳ್ಳ ಮುನ್ನೋಟಚಿತ್ರಕಾರರು ಇದನ್ನು ಬಲ್ಲರು: ಪ್ರತಿಯೊಂದು ಗಾಜನ್ನೂ ಬೇರೆ ಬೇರೆಯಾಗಿ ಕಿಂಚಿತ್ತು ವಾಲಿಸಿ, ಮೈಯನ್ನು ಕಾಣದಷ್ಟು ಉಬ್ಬಿಸಿ, ಅಲ್ಲಲ್ಲಿ ಪರದೆ ಎಳೆಯುತ್ತಾರೆ. ಇಂಥ ಚಿತ್ರಗಳು ಛಾಯಾಚಿತ್ರವೇ ಎಂಬಂತೆ ತೋರುತ್ತವೆ. ಇಲ್ಲಿಯೇ ನಮ್ಮ ಒರೆಗಲ್ಲು ಹೆಚ್ಚು ಎಚ್ಚರಿಕೆಯನ್ನು ಬೇಡುವುದು. ಗಾಜಿನ ಓರೆಕೋರೆಗಳೆಲ್ಲ ಸರಿಯಾಗಿದ್ದು, ಅದರಲ್ಲಿ ಕಾಣುವ ತೋಪು ಮಾತ್ರ ಎದುರಿಗೆ ಇಲ್ಲದಿದ್ದರೆ, ಕುಶಲತೆಯು ಹೆಚ್ಚಿದಷ್ಟೂ ಸಾಕ್ಷ್ಯವು ಹೆಚ್ಚು ಸುಳ್ಳಾಗುತ್ತದೆ.

ಇದು ವ್ಯವಹಾರದ ಪ್ರಶ್ನೆಯೂ ಹೌದು. ತುರಹಳ್ಳಿಯ ಕಾಡು ಹತ್ತಿರದಲ್ಲಿದೆಯೆಂಬ ಒಂದು ಮಾತನ್ನು ಹಲಗೆಯಲ್ಲಿ ಬರೆಯದೆ, ಕಿಟಕಿಗಳ ತುಂಬ ಕಾಡನ್ನು ಪ್ರತಿಬಿಂಬಿಸಿದರೆ ಕೊಳ್ಳುವವನ ಮನಸ್ಸಿನಲ್ಲಿ ಆಗುವ ಪರಿಣಾಮ ಒಂದೇ. ಎದುರಿಗೆ ಕೆರೆಯಿದೆಯೆಂದು ಬರೆದರೆ ಅದು ಹೇಳಿಕೆ. ಗಾಜಿನಲ್ಲಿ ನೀರು ಮಿನುಗಿದರೆ ಏನು? 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮದ 12ನೆಯ ಪ್ರಕರಣವು ಜಾಹೀರಾತಿನಲ್ಲಿನ ತಪ್ಪು ಅಥವಾ ಸುಳ್ಳು ಹೇಳಿಕೆಯನ್ನು ನಂಬಿ ಮುಂಗಡ ಕೊಟ್ಟು ನಷ್ಟಹೊಂದಿದವನಿಗೆ ಪ್ರವರ್ತಕನು ಪರಿಹಾರ ಕೊಡತಕ್ಕದ್ದೆಂದು ವಿಧಿಸುತ್ತದೆ. ಕರ್ನಾಟಕದ ನಿಯಮಗಳು 2017ರಲ್ಲಿ ಜಾರಿಗೆ ಬಂದುವು. ಹಲಗೆಯ ಮೂಲೆಯಲ್ಲಿ ಸಣ್ಣಕ್ಷರಗಳಲ್ಲಿ ‘ಕಲಾವಿದನ ಕಲ್ಪನೆ’ ಎಂದು ಅಚ್ಚುಹಾಕುವ ಪದ್ಧತಿಯಿದೆ. ಸಜ್ಜೆಯ ಬಣ್ಣಕ್ಕೆ, ಅಂಗಳದ ಹೂಗಿಡಕ್ಕೆ ಈ ವಿನಾಯಿತಿ ಸಲ್ಲಬಹುದು. ಎದುರಿನ ನಿವೇಶನವು ಬೇರೊಬ್ಬನದಾಗಿದ್ದು, ಅದರಲ್ಲಿ ನಾಳೆ ಇನ್ನೊಂದು ಗೋಪುರ ಏಳುವುದೆಂದು ತಿಳಿದೂ ಗಾಜಿನಲ್ಲಿ ತೋಪನ್ನು ತೋರಿಸಿದರೆ ಅದನ್ನು ಕಲ್ಪನೆಯೆಂದು ಬಿಡಲು ನಮಗೆ ಮನಸ್ಸೊಪ್ಪದು. ಪ್ರತಿಬಿಂಬವು ಹೇಳಿಕೆಯೇ ಅಲ್ಲವೇ ಎಂಬುದು ನ್ಯಾಯಶಾಸ್ತ್ರಜ್ಞರು ನಿರ್ಣಯಿಸಬೇಕಾದ ವಿಷಯವಾದರೂ, ಅದು ವಸ್ತುಸ್ಥಿತಿಯೊಂದನ್ನು ಸೂಚಿಸುತ್ತದೆಂಬುದನ್ನು ಅಲ್ಲಗಳೆಯಲು ಭೌತಶಾಸ್ತ್ರವು ಅವಕಾಶ ಕೊಡುವುದಿಲ್ಲ.

ಇನ್ನು ಸಂಗ್ರಹದ ವಿಷಯ. ಹೋಮ್, ಹಂಟರರ ಚಿತ್ರಗಳು ಗ್ರಂಥಭಂಡಾರಗಳಲ್ಲಿ ಭದ್ರವಾಗಿವೆ. ಉತ್ತರಹಳ್ಳಿಯ ಹಲಗೆಗಳಾದರೋ ಕೊನೆಯ ಮನೆ ಮಾರಾಟವಾದ ದಿನವೇ ಇಳಿಯುತ್ತವೆ. ಅವುಗಳ ಬಟ್ಟೆಯು ಇಟ್ಟಿಗೆಯ ರಾಶಿಗೆ ಹೊದಿಕೆಯಾಗುತ್ತದೆ. ಇತಿಹಾಸದ ವಿದ್ಯಾರ್ಥಿಗಳು ಇವುಗಳ ಛಾಯಾಚಿತ್ರಗಳನ್ನು ತೆಗೆದಿಡುವುದು ಕಷ್ಟದ ಕೆಲಸವಲ್ಲ. ಚಿತ್ರದೊಡನೆ ತೆಗೆದ ದಿನಾಂಕ, ಹಲಗೆಯಿದ್ದ ಬೀದಿ, ನಿವೇಶನವು ಮುಖಮಾಡಿದ ದಿಕ್ಕು, ರಸ್ತೆಯ ಅಗಲ, ಎದುರಿಗೆ ಆ ದಿನ ನಿಜವಾಗಿ ಏನಿತ್ತು ಎಂಬಿವನ್ನು ಬರೆದಿಡಬೇಕು. ಕಟ್ಟಡವು ಮುಗಿದ ಮೇಲೆ ಚಿತ್ರದ ಕಣ್ಣು ಎಲ್ಲಿತ್ತೋ ಅಲ್ಲಿಯೇ ನಿಂತು, ಸಾಧ್ಯವಾದರೆ ಅದೇ ಹೊತ್ತಿನಲ್ಲಿ, ಇನ್ನೊಂದು ಛಾಯಾಚಿತ್ರವನ್ನು ತೆಗೆಯಬೇಕು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಮೊದಲು ಮೇಲಿನ ಮಹಡಿಯ ಕಿಟಕಿಗಳಿಂದ ಆರಂಭಿಸಿ ಕೆಳಕ್ಕೆ ಬರುವುದು ಅನುಕೂಲ. ಎದುರುಮನೆಯು ಗಾಜಿನಲ್ಲಿ ಕಾಣಿಸಿಕೊಳ್ಳುವುದು ಕೆಳಗಿನ ಎರಡು ಮಹಡಿಗಳಲ್ಲಿ.